ಕಾಲೆವಿ ಯಜಮಾನರ ಕೆಂಪು ಟೋಪಿ

ರಸ್ತೆ ಸಂಘದ ಸಭೆಯಲ್ಲಿ ತಾಪಿಯೊ ಮುಸ್ತೋನೆನ್ ಕೆಮ್ಮಬಾರದಿತ್ತು.

ಹುಕ್ಕಲಂಪಿ ಕೆರೆ ದಂಡೆಯ ಜನ ಸಭೆಗೆ ಬಂದರೆ ಕಾಫಿ ಕುಡಿಯುತ್ತಾರೆ, ಮೇಜು ನೋಡುತ್ತಾರೆ, ಎದ್ದು ಹೋಗುತ್ತಾರೆ. ಬಾಯಿ ಬಿಡುವ ಪದ್ಧತಿ ಇಲ್ಲ. ಆವತ್ತು ಅಧ್ಯಕ್ಷ ಓಸ್ಮೊ, "ಈ ಚಳಿಗಾಲದಿಂದ ನಮ್ಮ ರಸ್ತೆ ಹಿಮ ತೆಗೆಯೋರು ಯಾರಪ್ಪಾ?" ಎಂದು ಕೇಳಿದಾಗ ಎಲ್ಲರೂ ಲೋಟದ ತಳದಲ್ಲಿ ಉಂಗುರ ಕಳೆದುಕೊಂಡವರ ಹಾಗೆ ಬಗ್ಗಿದರು. ಅದೇ ಗಳಿಗೆಗೆ ಏಲಕ್ಕಿ ಬನ್ನಿನ ಚೂರೊಂದು ತಾಪಿಯೊನ ಗಂಟಲಲ್ಲಿ ಅಡ್ಡ ನಿಂತಿತು. ಕೆಮ್ಮಿದ.

"ತಾಪಿಯೊ ಒಪ್ಪಿದಾನೆ," ಎಂದ ಓಸ್ಮೊ. ಸುತ್ತಲಿನ ತಲೆಗಳೆಲ್ಲ ಸೂರ್ಯಕಾಂತಿ ಹೂವಿನಂತೆ ಒಟ್ಟಿಗೆ ಮೇಲೆದ್ದವು.

ಮೇಲೇಳದ ತಲೆ ಒಂದೇ. ಅದು ಕಾಲೆವಿ ಯಜಮಾನರದು. ದೊಡ್ಡ ರಸ್ತೆಯಿಂದ ಕಾಡು ಹಾಯ್ದು ಕೆರೆವರೆಗೆ ಬರುವ ಈ ಖಾಸಗಿ ದಾರಿಗೆ ಸರಕಾರದ ಗಾಡಿ ಬರುವುದಿಲ್ಲ. ತೋಳಿಗೆ ಬಲ ಬಂದಾಗಿನಿಂದ ಅದರ ಹಿಮ ತೆಗೆದವರು ಕಾಲೆವಿಯೇ. ಹಿಮ ತೂರುವ ಯಂತ್ರ ಸಂಘದ್ದು, ಆದರೆ ಅದು ತಗುಲಿಕೊಳ್ಳುವುದು ಟ್ರಾಕ್ಟರಿನ ಬೆನ್ನಿಗೆ. ಹಾಗಾಗಿ ಇಡೀ ದಾರಿ ಹಿಂದಕ್ಕೇ ಓಡಿಸಬೇಕು, ಗೂಬೆ ಹಾಗೆ ಕತ್ತು ತಿರುಗಿಸಿಕೊಂಡು. "ಇನ್ನು ಕತ್ತು ತಿರುಗಿಸಿದರೆ ಅದು ಹಾಗೇ ನಿಂತುಬಿಡತ್ತೆ," ಎಂದು ಡಾಕ್ಟರು ಕಾಲೆವಿಗೆ ಹೇಳಿದ್ದರು.

ಯಂತ್ರ ಒಪ್ಪಿಸಿದ ದಿನ ಕಾಲೆವಿ ಅದರ ತಗಡನ್ನೊಮ್ಮೆ ಸವರಿ, "ಇದು ನಿನ್ನ ಮಾತು ಕೇಳಲ್ಲ ಕಣಯ್ಯಾ," ಎಂದಷ್ಟೇ ಹೇಳಿ ಮನೆಗೆ ನಡೆದಿದ್ದರು.

ಮೊದಲ ದೊಡ್ಡ ಹಿಮ ಬಿದ್ದ ಬೆಳಿಗ್ಗೆ ತಾಪಿಯೊನಿಗೆ ಗಂಜಿ ಇಳಿಯಲಿಲ್ಲ.

"ಯಾಕೆ, ಯುದ್ಧಕ್ಕೆ ಹೊರಟೋನ ಹಾಗೆ ಕೂತಿದೀಯ?" ಎಂದಳು ಹೆಂಡತಿ ಸಿರ್ಕ.

"ಯಾರದಾದರೂ ಅಂಚೆ ಪೆಟ್ಟಿಗೆ ನುಂಗಿಬಿಟ್ರೆ?"

"ನುಂಗಿದರೆ ನುಂಗ್ಲಿ, ಬರೋದೆಲ್ಲ ಬಿಲ್ಲುಗಳೇ. ಮನುಷ್ಯರನ್ನ ನುಂಗಬೇಡ, ಸಾಕು."

ಹೆಂಡಂದಿರು ಹೊರಡುವ ಹೊತ್ತಿಗೆ ಆಡುವ ಮಾತೇ ಹೀಗೆ.

ಮೊದಲ ಮನೆ ಓಸ್ಮೊನದು. ಯಂತ್ರದ ಸುರುಳಿ ಹಲ್ಲು ಹಿಮವನ್ನು ಅಗಿದು ಅಗಿದು ಮೇಲಿನ ಕೊಳವೆಗೆ, ಅದರ ಸೊಂಡಿಲಿಗೆ, ಕೊಟ್ಟಿತು. ಸೊಂಡಿಲು ಮುಖ ಮಾಡಿದ್ದು ಓಸ್ಮೊ ಆಗತಾನೇ ಗುಡಿಸಿ ಒರೆಸಿ ನಿಲ್ಲಿಸಿದ್ದ ಕಾರಿನ ಕಡೆಗೆ. ತಾಪಿಯೊ ಸನ್ನೆಗೋಲು ಹುಡುಕಿ ಎಳೆಯುವಷ್ಟರಲ್ಲಿ ಕಾರು ಇದ್ದ ಜಾಗದಲ್ಲಿ ಒಂದು ದಿಬ್ಬ ಎದ್ದಿತ್ತು. ಕಿಟಕಿಯಲ್ಲಿ ಓಸ್ಮೊ ದುರ್ಬೀನು ಹಿಡಿದು ನಿಂತಿದ್ದ. ಹತ್ತು ಹೆಜ್ಜೆ ದೂರದ ಕಾರು ನೋಡಲು ದುರ್ಬೀನು ಯಾಕೆ ಬೇಕಿತ್ತೋ ಅವನಿಗೇ ಗೊತ್ತು. ತಾಪಿಯೊ ಕೈ ಬೀಸಿದ. ಓಸ್ಮೊ ಬೀಸಲಿಲ್ಲ.

ಆಮೇಲೆ ಕಾಡು. ಕತ್ತು ಉಳುಕಿದ್ದರೂ ಕೈ ಹದಕ್ಕೆ ಬರತೊಡಗಿತ್ತು. ಕಾಲೆವಿ ಮನೆಯ ಹತ್ತಿರದ ತಿರುವಿನಲ್ಲಿ, ಅಂಚಿನ ಗುರುತುಕೋಲಿಗೆ ತಾಗದ ಹಾಗೆ ಹಿಂದೆ ಸರಿಯುತ್ತಿದ್ದಾಗ ಯಂತ್ರ ಒಮ್ಮೆ ಬಿಕ್ಕಿತು. ಸೊಂಡಿಲಿನಿಂದ ಬಿಳಿ ಹಿಮದ ನಡುವೆ ಕೆಂಪಗೆ ಏನೋ ಚಿಮ್ಮಿ ಸ್ಪ್ರೂಸ್ ಮರದ ಕಡೆ ಹಾರಿತು.

ತಾಪಿಯೊ ಯಂತ್ರ ನಿಲ್ಲಿಸಿದ. ಇಳಿದ. ಮೊಣಕಾಲುದ್ದ ಹಿಮದಲ್ಲಿ ಹೋಗಿ ಎತ್ತಿಕೊಂಡ. ಕೆಂಪು ಉಣ್ಣೆ ಚೂರು. ಇನ್ನೊಂದು ಚೂರು. ಕೊನೆಗೆ ಒಂದು ಗೊಂಡೆ, ಬಿಳಿಯದು.

ಬಿಳಿ ಗೊಂಡೆಯ ಕೆಂಪು ಟೋಪಿ ಈ ದಂಡೆಯಲ್ಲಿ ಒಂದೇ ತಲೆಯ ಮೇಲಿರುವುದು. ಬೇಸಿಗೆಯಲ್ಲೂ ಅದನ್ನು ತೆಗೆಯದ ತಲೆ ಅದು.

"ಯಜಮಾನ್ರೇ?" ಎಂದು ಮೆಲ್ಲಗೆ ಕರೆದ. ಮರ ಒಂದಿಷ್ಟು ಹಿಮ ಉದುರಿಸಿತು, ಅಷ್ಟೇ.

ಓಡುತ್ತ, ಬೀಳುತ್ತ ಕಾಲೆವಿ ಮನೆಗೆ ಹೋದ. ಒಲೆಯ ಹೊಗೆ ಇಲ್ಲ. ಬಾಗಿಲಿಗೆ ಪೊರಕೆ ಆನಿಸಿ ನಿಲ್ಲಿಸಿತ್ತು. ಇಲ್ಲಿ ಬೀಗ ಹಾಕುವವರಿಲ್ಲ. ಪೊರಕೆ ಅಡ್ಡ ಇದ್ದರೆ ಒಡೆಯ ಮನೆಯಲ್ಲಿಲ್ಲ ಎಂದು ಅರ್ಥ. ಮೆಟ್ಟಿಲ ಪಕ್ಕ ಸದಾ ಇರುವ, ಕಾಲಲ್ಲಿ ಒದ್ದು ಓಡಿಸುವ ಜಾರುಬಂಡಿಯೂ ಇರಲಿಲ್ಲ.

ಅಂದರೆ ಹೊರಗೆ ಹೋಗಿದ್ದಾರೆ. ಅಂದರೆ ರಸ್ತೆಯಲ್ಲಿದ್ದರು. ಅಂದರೆ… ತಾಪಿಯೊ ಮತ್ತೆ ರಸ್ತೆಗೆ ಓಡಿದ.

ಮುಂದಿನ ಮನೆ ವಿಧವೆ ಲೆಂಪಿಯದು. ಕಾಲೆವಿ ಅಲ್ಲಿ ಕೂತಿರಬಹುದು. ಆದರೆ ನೇರ ಕೇಳುವುದು ಹೇಗೆ? ಬಾಗಿಲು ತೆರೆದವಳೇ ಲೆಂಪಿ ಅವನನ್ನು ಮೇಜಿಗೆ ನೂಕಿದಳು. ಕಾಫಿ ಬೇಡ ಅಂದರೆ ಈ ಊರಲ್ಲಿ ಅನುಮಾನ ಪಡುತ್ತಾರೆ. ಕುಡಿದ. ಲೋಟ ತಟ್ಟೆಗೆ ಬಡಿದು ಕಟಕಟ ಎಂದಿತು.

"ಏನಪ್ಪಾ, ಜ್ವರವೇ? ಬನ್ನು ತಗೋ."

"ಇಲ್ಲ ಯಜಮಾನ್ತಿ. ಹೀಗೇ ಬಂದೆ. ಆ… ಕಾಲೆವಿ ಯಜಮಾನರು ಚೆನ್ನಾಗಿದಾರಾ?"

"ಅವನಿಗೇನು ಧಾಡಿ! ಬೆಳಿಗ್ಗೆ ಈ ಕಿಟಕಿ ಮುಂದೇ ಹೋದ. 'ಎಲ್ಲಿಗೋ' ಅಂದೆ. 'ಆ ಮುಸ್ತೋನೆನ್ ನನ್ನ ರಸ್ತೆಗೆ ಏನು ಗತಿ ತರ್ತಾನೆ, ಹತ್ತಿರದಿಂದ ನೋಡ್ಬೇಕು' ಅಂದ."

"ಹತ್ತಿರದಿಂದ?"

"ಹ್ಞೂಂ. ತುಂಬ ಹತ್ತಿರದಿಂದ ಅಂತಲೇ ಅಂದ."

ಬನ್ನು ತಾಪಿಯೊನ ಬಾಯಲ್ಲೇ ಉಳಿಯಿತು. ಅದನ್ನು ನುಂಗದೆಯೇ ಹೊರಗೆ ಓಡಿದ.

ತಿರುವಿಗೆ ಬಂದು ಸಲಿಕೆ ಹಿಡಿದ. ತಾನೇ ತೂರಿದ್ದ ಹಿಮದ ದಂಡೆಯನ್ನು ತಾನೇ ಕೆದಕತೊಡಗಿದ. ಒಂದು ಬದಿ ಮುಗಿಸಿ ಇನ್ನೊಂದು ಬದಿ. ಬೆವರು ಹುಬ್ಬಿಗೆ ಇಳಿದು ಹೆಪ್ಪುಗಟ್ಟಿತು. ಸಿರ್ಕಳಿಗೆ ಏನು ಹೇಳುವುದು? ಒಳ್ಳೆ ಮನುಷ್ಯ ಕಾಲೆವಿ. ಮೊದಲ ಸಲ ಟ್ರಾಕ್ಟರು ಕೊಂಡಾಗ ಗೇರು ಹಾಕಲು ಕಲಿಸಿದವರು ಅವರೇ. ಬೈದು ಬೈದು ಕಲಿಸಿದ್ದರು, ಆದರೆ ಕಲಿಸಿದ್ದರು.

"ಅಲ್ಲಯ್ಯಾ, ತೆಗೆದಿದ್ದನ್ನ ಮತ್ತೆ ರಸ್ತೆಗೇ ಹಾಕ್ತಿದೀಯಲ್ಲ?"

ತಿರುಗಿ ನೋಡಿದರೆ ಓಸ್ಮೊ, ಕೊರಳಲ್ಲಿ ದುರ್ಬೀನು. ಹಿಂದೆ ಮಡಿಲ ತುಂಬ ಕುತೂಹಲ ಕಟ್ಟಿಕೊಂಡು ಬಂದ ಲೆಂಪಿ.

"ಬೋಲ್ಟು," ಎಂದ ತಾಪಿಯೊ. "ಯಂತ್ರದ ಬೋಲ್ಟು ಬಿತ್ತು. ಹುಡುಕ್ತಿದೀನಿ."

"ಎಷ್ಟು ದೊಡ್ಡದು?"

"ಸುಮಾರು…" ತಾಪಿಯೊನ ಕೈ ತಾನಾಗಿಯೇ ಆಳೆತ್ತರಕ್ಕೆ ಏಳತೊಡಗಿತ್ತು. ತಡೆದು ಬೆರಳುದ್ದಕ್ಕೆ ಇಳಿಸಿದ.

ಓಸ್ಮೊ ಒಳ್ಳೆಯ ಅಧ್ಯಕ್ಷ. ಮನೆಯಿಂದ ಸಲಿಕೆ ತಂದ. ಲೆಂಪಿ ಸ್ಕೀ ಕೋಲು ತಂದು ದಂಡೆಯನ್ನು ಚುಚ್ಚುತ್ತ ಹೊರಟಳು. ಕೋಲು ಒಳಗಿಳಿದಾಗಲೆಲ್ಲ ತಾಪಿಯೊ, "ಮೆತ್ತಗೆ, ಮೆತ್ತಗೆ!" ಎಂದು ಅರಚಿದ.

"ಬೋಲ್ಟಿಗೆ ನೋವಾಗತ್ತೇನೋ?" ಎಂದಳು ಲೆಂಪಿ.

ಸ್ವಲ್ಪ ಹೊತ್ತಿಗೆ ಅವಳ ಕೋಲಿನ ತುದಿಗೆ ಒಂದು ಕೈಗವಸು ಸಿಕ್ಕಿಬಂತು. ಕೆಂಪು ಉಣ್ಣೆಯದು. ಮೂವರೂ ನೋಡಿದರು.

"ಇದು ನಾನೇ ಹೆಣೆದು ಕಾಲೆವಿಗೆ ಕೊಟ್ಟಿದ್ದಲ್ಲವಾ…" ಎಂದವಳ ಕಣ್ಣು ತಾಪಿಯೊನ ಜೇಬಿನಿಂದ ಹೊರಗೆ ಇಣುಕುತ್ತಿದ್ದ ಬಿಳಿ ಗೊಂಡೆಗೆ ಬಿತ್ತು. "ಇದು ಟೋಪಿದು! ತಾಪಿಯೊ, ಟೋಪಿ ಎಲ್ಲಿ? ಕಾಲೆವಿ ಎಲ್ಲಿ?"

ತಾಪಿಯೊ ಹಿಮದ ಮೇಲೆ ಕುಸಿದ.

"ತೂರಿಬಿಟ್ಟೆ," ಎಂದ. "ಯಜಮಾನರನ್ನ ತೂರಿಬಿಟ್ಟೆ, ಲೆಂಪಿ."

ಓಸ್ಮೊ ಗಂಟಲು ಸರಿಮಾಡಿಕೊಂಡ. "ಯಾವ ಕಡೆಗೆ?"

"ಏನು ಯಾವ ಕಡೆಗೆ?"

"ಗಾಳಿ ಯಾವ ಕಡೆಗಿತ್ತು ಅಂತ. ನನ್ನ ಕಾರಿನ ಕಡೆಗೇನಾದ್ರೂ…"

"ನಿನ್ನ ಕಾರಿಗಿಷ್ಟು!" ಎಂದಳು ಲೆಂಪಿ. "ಒಂದಿಡೀ ಗಂಡಸು ಆ ಸೊಂಡಿಲಲ್ಲಿ ಹಿಡಿಸಲ್ಲ ಕಣ್ರೋ!"

"ಕಾಲೆವಿ ಸಣಕಲ," ಎಂದ ಓಸ್ಮೊ ಮೆಲ್ಲಗೆ.

ಅದು ನಿಜವಾಗಿತ್ತು. ಅದನ್ನು ಕೇಳಿ ತಾಪಿಯೊ ಸಲಿಕೆ ಬಿಸಾಡಿದ. ತನ್ನ ಕೈಗವಸು ಕಿತ್ತೆಸೆದ. ಬರಿಗೈಯಲ್ಲೇ, ಮೊಲ ಹಿಡಿಯಹೊರಟ ನಾಯಿಯಂತೆ ಮೊಣಕಾಲೂರಿ ಅಗೆಯತೊಡಗಿದ. "ಯಜಮಾನ್ರೇ! ಕಾಲೆವಿ ಯಜಮಾನ್ರೇ! ಒಂದು ಸಲ ಬೈರಿ! ಏನಾದ್ರೂ ಬೈರಿ!" ಕೆನ್ನೆಯ ಮೇಲೆ ಕಣ್ಣೀರು ಗಾಜಾಯಿತು. ಲೆಂಪಿಯೂ ಅಗೆದಳು. ಓಸ್ಮೊ ದುರ್ಬೀನು ಹಿಂದಕ್ಕೆ ತಿರುಗಿಸಿಕೊಂಡು ಅಗೆದ. ದಂಡೆ ಕರಗಿತು, ಚರಂಡಿ ಬಯಲಾಯಿತು, ಕಾಣದೆ ಹೋಗಿದ್ದ ಹಳೇ ಬೇಲಿ ಕೂಡ ಹೊರಬಂತು. ಮನುಷ್ಯ ಮಾತ್ರ ಬರಲಿಲ್ಲ.

"ಸಾಕು ನಿಲ್ಲಿಸ್ರೋ, ಕೈ ಹೋಗತ್ತೆ!"

ದನಿ ಬಂದದ್ದು ಹಿಮದೊಳಗಿನಿಂದಲ್ಲ. ತಿರುವಿಗೆ ಮುಖಮಾಡಿದ್ದ ಕಾಲೆವಿಯ ಸೌನಾ, ಅಂದರೆ ಉಗಿಸ್ನಾನದ ಕೋಣೆಯ ಬಾಗಿಲಿನಿಂದ. ಅಲ್ಲಿ ಕಾಲೆವಿ ನಿಂತಿದ್ದರು, ಇಡಿಯಾಗಿ. ಬೋಳುತಲೆಗೆ ಒರೆಸುವ ಬಟ್ಟೆ ಸುತ್ತಿಕೊಂಡಿದ್ದರು. ಹಿಂದೆ, ಕೋಣೆಯೊಳಗೆ ಅಡಗಿಸಿಟ್ಟ ಜಾರುಬಂಡಿ.

ತಾಪಿಯೊ ಎದ್ದ. ಓಡಿದ. ಈ ದಂಡೆಯಲ್ಲಿ ಗಂಡಸರು ಗಂಡಸರನ್ನು ಅಪ್ಪಿಕೊಳ್ಳುವುದಿಲ್ಲ. ಅವನು ಅಪ್ಪಿಕೊಂಡ. ಕಾಲೆವಿ ಮರದ ದಿಮ್ಮಿಯಂತೆ ನಿಂತರು. ಆಮೇಲೆ ಒಂದು ಕೈ ನಿಧಾನಕ್ಕೆ ಬಂದು ಅವನ ಬೆನ್ನನ್ನು ಎರಡು ಸಲ ತಟ್ಟಿತು.

"ಎಲ್ಲಿ ಸತ್ತಿದ್ದೆಯೋ ಮುದುಕ!" ಎಂದಳು ಲೆಂಪಿ.

"ಸೌನಾದಲ್ಲಿ." ಕಾಲೆವಿ ನೆಲ ನೋಡಿದರು. "ಬೆಳಿಗ್ಗೆಯಿಂದ. ಒಲೆ ಹಚ್ಚಿದರೆ ಹೊಗೆ ಕಾಣತ್ತೆ ಅಂತ ಹಚ್ಚಲಿಲ್ಲ, ಚಳಿಗೆ ಸತ್ತೇ ಹೋಗಿದ್ದೆ. ಟೋಪೀನ ನಾನೇ ಹೂತಿಟ್ಟೆ. ಕೈಗವಸೂ ನಾನೇ. ಒಂದೇ ಸಾಲದು ಅನ್ನಿಸ್ತು."

"ಯಾಕೆ ಯಜಮಾನ್ರೇ?"

"ಹೆದರಿಬಿಟ್ಟು ಸಾಯಂಕಾಲದೊಳಗೆ ಯಂತ್ರ ವಾಪಸ್ ತಂದು ಕೊಡ್ತೀಯ ಅಂದ್ಕೊಂಡೆ. ಡಾಕ್ಟರಿಗೇನು ಗೊತ್ತು. ಅದಿಲ್ಲದೆ ನನಗೆ ಬೆಳಗಾಗಲ್ಲ ಕಣೋ."

ತಾಪಿಯೊನ ಮುಖ ಅರಳಿತು. ಆ ದಿನದಲ್ಲಿ ಮೊದಲ ಸಲ. "ಹೆದರಿದೀನಿ! ಕೊಡ್ತೀನಿ! ಈಗಲೇ ತಗೊಳ್ಳಿ!" ಎಂದು ಯಂತ್ರದ ಕಡೆಗೆ ಎರಡೂ ಕೈ ಚಾಚಿ ತೋರಿಸಿದ, ಮಗಳನ್ನು ಧಾರೆಯೆರೆದು ಕೊಡುವವನಂತೆ.

ಕಾಲೆವಿ ತಲೆ ಅಲ್ಲಾಡಿಸಿದರು. ಕಣ್ಣಲ್ಲಿ ಏನೋ ಹೊಳೆಯುತ್ತಿತ್ತು.

"ಬೇಡ. ಆ ಕಿಟಕಿಯಿಂದ ಎಲ್ಲಾ ನೋಡಿದೆ. ಇಷ್ಟು ವರ್ಷ ಈ ರಸ್ತೇಲಿ ಒಬ್ಬನೇ ಒದ್ದಾಡಿದೀನಿ. ಯಾವನೂ ನಾನು ಎಲ್ಲಿದೀನಿ ಅಂತ ಹುಡುಕಲಿಲ್ಲ. ನೀನು ಬರಿಗೈಲಿ ಅಗೆದೆ. ಇಂಥೋನ ಕೈಗೆ ಕೊಟ್ಟು ಹೋಗೋದಕ್ಕಲ್ಲವಾ ನಾನು ಕಾದಿದ್ದು? ಯಂತ್ರ ನಿನ್ನದೇ. ಕೊನೇವರೆಗೂ."

"ಅಯ್ಯೋ, ನಾನು ಅಂಥೋನಲ್ಲ! ಓಸ್ಮೊನ ಕಾರು ಕೇಳಿ!"

ಓಸ್ಮೊನಿಗೆ ಕಾರು ನೆನಪಿರಲಿಲ್ಲ. ತಿರುವಿನ ಉದ್ದಗಲ ಹೆಜ್ಜೆ ಹಾಕಿ ಅಳೆಯುತ್ತಿದ್ದ. "ನೋಡ್ರೋ ಇದನ್ನ! ಹಾಲಿನ ಲಾರಿ ತಿರುಗೋಕೆ ಇಲ್ಲಿ ಜಾಗ ಸಾಲದು ಅಂತ ಎಷ್ಟು ವರ್ಷದಿಂದ ಬಡ್ಕೊತಿದ್ದೆ! ಈಗ ಎರಡು ಲಾರಿ ತಿರುಗಬಹುದು. ಎಲ್ಲಾ ತಿರುವೂ ಹೀಗೇ ಆಗಬೇಕು ತಾಪಿಯೊ. ಇದು ಸಂಘದ ತೀರ್ಮಾನ."

"ಸಭೆ ಎಲ್ಲಿ ಆಯ್ತು?"

"ಅಧ್ಯಕ್ಷ ಇದೀನಿ, ಸದಸ್ಯರಿದೀರಿ. ಯಾರಿಗಾದರೂ ತಕರಾರಿದೆಯಾ?"

ಲೆಂಪಿ ತನ್ನ ಬೂಟು ನೋಡಿದಳು. ಕಾಲೆವಿ ಆಕಾಶ ನೋಡಿದರು. ಆಕಾಶದಿಂದ ದಪ್ಪ ದಪ್ಪ ಹಿಮದ ಚಕ್ಕೆ ಇಳಿಯತೊಡಗಿತ್ತು.

ತಾಪಿಯೊ ಕಾಲೆಳೆದುಕೊಂಡು ಟ್ರಾಕ್ಟರ್ ಹತ್ತಿದ. ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದು ಬೂಟು ಒಳಗೆ ಬಂತು. ಅದರ ಹಿಂದೆ ಕಾಲೆವಿ. ಪಕ್ಕದ ಪುಟ್ಟ ಸೀಟಿನ ಮೇಲೆ ಮಂಡಿ ಮಡಚಿ ಕೂತರು, ತಲೆಯ ಬಟ್ಟೆ ಬಿಗಿಮಾಡಿಕೊಂಡರು.

"ಇಷ್ಟು ಒಳ್ಳೆ ಮನುಷ್ಯನನ್ನ ಒಂಟಿಯಾಗಿ ಬಿಡೋಕಾಗತ್ತಾ? ದಿನಾ ಜೊತೆಗೆ ಬರ್ತೀನಿ. ನೀನು ಹಿಂದೆ ನೋಡು, ನಾನು ನಿನ್ನನ್ನ ನೋಡ್ಕೋತೀನಿ. ಹ್ಞಾಂ, ಹೊರಡು."

ಟ್ರಾಕ್ಟರು ಒಂದು ಮಾರು ಹಿಂದೆ ಸರಿಯಿತು.

"ನಿಲ್ಲಿಸು! ಅಂಚಲ್ಲಿ ಒಂದು ಹಿಡಿ ಹಿಮ ಬಿಟ್ಟೆ. ಮೊದಲಿಂದ ಮಾಡು."