ಗುಣವಾದವರ ಪಟ್ಟಿ

ತನ್ನ ಕೈಗುಣವನ್ನು ನಂಬದ ಡಾಕ್ಟರು ಇನ್ನೂ ಹುಟ್ಟಿಲ್ಲ. ನಾನಂತೂ ಅತಿಯಾಗಿಯೇ ನಂಬಿದ್ದೆ. ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. ಹೇಳದೆ ಇಟ್ಟುಕೊಂಡರೆ ಇನ್ನೂ ನಾಚಿಕೆ.

ಯುದ್ಧದ ಕಾಲ. ಹೊಳೆನರಸೀಪುರದ ಕಡೆಯ ಸಣ್ಣದೊಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರಾಗಿದ್ದೆ. ಔಷಧಿಗೆ ಬರುವವರು ಮನೆಯಿಂದಲೇ ಸೀಸೆ ತರುತ್ತಿದ್ದರು. ಕೆಮ್ಮೆಂದು ಬಂದವರಿಗೆಲ್ಲ ನಾನೇ ಹದಮಾಡಿದ ಒಂದು ಕೆಂಪು ಔಷಧಿಯನ್ನು ಸುರಿದುಕೊಡುತ್ತಿದ್ದೆ. ಸೀಸೆ ಹಿಡಿದು ಮತ್ತೆ ಬಂದರೆ 'ಕೆಮ್ಮು ಇದೆ', ಬರದಿದ್ದರೆ 'ಗುಣ' ಎಂದು ರಿಜಿಸ್ಟರಿನಲ್ಲಿ ಬರೆಯುವುದು. ವರ್ಷ ಕಳೆಯುವುದರೊಳಗೆ ಪುಟಪುಟವೂ ಗುಣವೇ! ಹಿಗ್ಗಿ ಹೀರೇಕಾಯಿಯಾಗಿ ಲೇಖನವೊಂದನ್ನು ಬರೆದು ವೈದ್ಯರ ಪತ್ರಿಕೆಗೆ ಕಳಿಸಿದೆ. ಹಾಸನದ ಡಾಕ್ಟರುಗಳೆಲ್ಲ ಅದನ್ನು ಓದಿ ಹೊಟ್ಟೆ ಉರಿದುಕೊಳ್ಳುವುದನ್ನು ಮನಸ್ಸಿನಲ್ಲೇ ನೋಡಿಯೂ ಆಯಿತು.

ಸಂಪಾದಕರಿಂದ ಒಂದು ಕಾರ್ಡು ಬಂತು. ಮತ್ತೆ ಬರದವರೆಲ್ಲ ಗುಣವಾದರೆಂದು ನಿಮಗೆ ಹೇಗೆ ತಿಳಿಯಿತು, ವಿಚಾರಿಸಿದಿರಾ, ಎಂದು ಅದರಲ್ಲಿತ್ತು. ಮೈಯೆಲ್ಲ ಉರಿದುಹೋಯಿತು. "ಕುರ್ಚಿ ಬಿಟ್ಟು ಏಳದವನಿಗೆ ಹಳ್ಳಿ ಜನರ ವಿಷಯ ಏನು ಗೊತ್ತು?" ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಆಕೆ ಅವರೆಕಾಯಿ ಸುಲಿಯುತ್ತಾ ತಲೆಯೆತ್ತದೆ, "ವಿಚಾರಿಸಿದಿರಾ?" ಎಂದಳು. ಇವಳಿಗಿಂತ ಆ ಸಂಪಾದಕನೇ ವಾಸಿ.

ಮರುದಿನವೇ ರಿಜಿಸ್ಟರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳೇಕೋಟೆಗೆ ಹೊರಟೆ. ಆ ಊರಿನ 'ಗುಣ'ಗಳಲ್ಲಿ ಮೊದಲ ಹೆಸರು ನಿಂಗಮ್ಮನದು. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಮುದುಕಿ ನನ್ನನ್ನು ಕಂಡು ಗಡಿಬಿಡಿಯಿಂದ ಏಳಹೋದಳು; ಕೆಮ್ಮು ಅವಳನ್ನು ಅಲ್ಲೇ ಕೂರಿಸಿತು.

"ಇನ್ನೂ ಕೆಮ್ಮು ಇದೆಯಲ್ಲಮ್ಮ! ಮತ್ತೆ ಯಾಕೆ ಬರಲಿಲ್ಲ?"

"ಎಂಗ್ ಬರಾದು ಸಾ? ಮೂರು ಸೀಸೆ ಕುಡುದ್ರೂ ವಾಸಿಯಾಗ್ನಿಲ್ಲ. ನೀವು ಅಷ್ಟು ಪಿರೂತೀಲಿ ಕೊಡ್ತಿದ್ರಿ. ಆಗ್ನಿಲ್ಲ ಅಂದ್ರೆ ನಿಮ್ಗೆ ಬೇಜಾರಾಯ್ತದೆ ಅಂತ ಸುಮ್ಕಾದೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಔಷಧಿ ಸುರಿಯುವ ಭರದಲ್ಲಿ ಅವಳ ಎದೆಗೆ ಒಮ್ಮೆಯೂ ಸರಿಯಾಗಿ ಸ್ಟೆತಾಸ್ಕೋಪು ಇಟ್ಟವನಲ್ಲ ನಾನು. ಈಗ ಇಟ್ಟೆ. ಒಳಗಿನ ಸದ್ದು ಯಾವ ಕೆಂಪು ನೀರಿಗೂ ಬಗ್ಗುವಂಥದ್ದಾಗಿರಲಿಲ್ಲ. "ನಾಳೆಯೇ ಹಾಸನದ ದೊಡ್ಡಾಸ್ಪತ್ರೆಗೆ ಹೋಗೋಣ, ನಾನೇ ಜೊತೆಗೆ ಬರ್ತೀನಿ. ತಪ್ಪು ನನ್ನದಮ್ಮ" ಎಂದೆ. ರಿಜಿಸ್ಟರು ಬಿಚ್ಚಿ, ಅವಳ ಹೆಸರಿನ ಮುಂದಿನ 'ಗುಣ'ವನ್ನು ಹೊಡೆದುಹಾಕಲು ಪೆನ್ನು ತೆಗೆದೆ.

ಅದೇನೆಂದು ಕೇಳಿದಳು. ಹೇಳಿದೆ. ಕೆಮ್ಮಿನ ನಡುವೆಯೇ ನನ್ನನ್ನು ಸಮಾಧಾನ ಮಾಡತೊಡಗಿದಳು: "ಓಗ್ಲಿ ಬುಡಿ ಸಾ. ನಿಮ್ಗೆ ಒಳ್ಳೇದಾಗಾದಾದ್ರೆ ಗುಣ ಅಂತ್ಲೇ ಬರ್ಕಳಿ."

ಹೊಡೆದುಹಾಕಿದೆ. ಆದರೆ ಆ ಮಾತು ಕೇಳಿದಾಗ ಒಂದು ಗಳಿಗೆ ಪೆನ್ನು ನಿಂತಿತ್ತು. ಸಂಪಾದಕರಿಗೆ ನಡೆದದ್ದೆಲ್ಲವನ್ನೂ ಬರೆದು ತಪ್ಪೊಪ್ಪಿಕೊಂಡೆ, ಅದೊಂದನ್ನು ಬಿಟ್ಟು.