ಮಡಿಯುಟ್ಟ ಪಿಕಪ್ಪು

ಮದುವೆಯಾಗಿ ಇಪ್ಪತ್ತೇಳು ವರ್ಷಗಳಲ್ಲಿ ಪ್ರಾಣೇಶ ಮಾಸ್ತರರು ಹೆಂಡತಿಯನ್ನು ಕೇಳದೆ ಕೊಂಡ ವಸ್ತುಗಳು ಎರಡೇ. ಒಂದು ಛತ್ರಿ, ಅದು ವಾಡಿ ಜಂಕ್ಷನ್ನಿನಲ್ಲಿ ಕಳೆದುಹೋಯಿತು. ಇನ್ನೊಂದು ಪಿಕಪ್ಪು. ಇದು ಕಳೆದುಹೋಗುವ ಪೈಕಿ ಅಲ್ಲ. ಸೇಡಂನ ಅವರ ಓಣಿಯಲ್ಲಿ ಅದು ಬಂದು ನಿಂತ ದಿನದಿಂದ ಎದುರುಮನೆಯ ಅನಸುಬಾಯಿ ತಮ್ಮ ಮನೆಯೊಳಕ್ಕೇ ಓರೆಯಾಗಿ ಹೋಗಬೇಕಾಗಿತ್ತು.

ಹಾಗೆಂದು ಅದು ಸಾಮಾನ್ಯ ಗಾಡಿಯೇನಲ್ಲ. ಅರವತ್ತೆಂಟನೇ ಇಸವಿಯದು, ನಾಲ್ಕೂ ಗಾಲಿ ಎಳೆಯುವಂಥದ್ದು, ಹಿಂದೆ ಸಾಮಾನು ಹೇರಲು ಕಟಕಟೆಯಂಥ ಜಾಗ. ಒಂದು ಕಾಲಕ್ಕೆ ಶಹಾಬಾದದ ಫರಸಿ ಕಲ್ಲು ಹೊತ್ತು ಹೊತ್ತು ದಣಿದು, ಆಮೇಲೆ ವಾಡಿಯ ಹತ್ತಿರ ಜಾಲಿಗಿಡದ ಕೆಳಗೆ ಹದಿನೆಂಟು ವರ್ಷ ತಪಸ್ಸಿಗೆ ಕುಳಿತಿತ್ತು. ಶಹಾಬಾದದ ಮಿಸ್ತ್ರಿ ಫಕೀರಸಾಬ ಅದನ್ನು ಎಬ್ಬಿಸಿ, ತುಕ್ಕು ಕೆರೆದು, ಇಂಜಿನ್ನು ಬಿಚ್ಚಿ ಕಟ್ಟಿ, ಗಿಳಿಹಸಿರು ಬಣ್ಣ ಹೊಡೆದು, ಸ್ಟೇರಿಂಗಿಗೆ ತನ್ನ ಕೈಯಾರೆ ಚರ್ಮದ ಹೊದಿಕೆ ಹೊಲಿದಿದ್ದ. ಮಾಸ್ತರರು ಹುಟ್ಟಿದ್ದೂ ಅರವತ್ತೆಂಟರಲ್ಲೇ. (ಈ ಸಂಗತಿಯನ್ನು ಅವರು ಹೆಂಡತಿಯ ಮುಂದೆ ಹೇಳಬಾರದಿತ್ತು.)

"ಅದನ್ನ ಫಕೀರಸಾಬ ರಿಪೇರಿ ಮಾಡ್ಯಾನ," ಎಂದರು ಶಾರದಾಬಾಯಿ. "ನಿಮ್ಮನ್ನ ಯಾರು ಮಾಡ್ತಾರ?"

"ಫೋರ್ ವೀಲ್ ಅದ, ಎಂಥಾ ರಾಡ್ಯಾಗೂ ಹೋಗ್ತದ. ಚಿಂಚೋಳಿ ಅಡವಿಗೆ ಕರ್ಕೊಂಡು ಹೋಗ್ತೀನಿ ನಿನ್ನ."

"ನಾವು ರಾಡ್ಯಾಗ ಯಾಕ ಹೋಗಬೇಕ್ರಿ? ಬಾಗಲದಾಗೇ ಡಾಂಬರ್ ರೋಡ್ ಅದ."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮಾಸ್ತರರು ಈ ಪ್ರಮೇಯವನ್ನು ಅಲ್ಲೇ ಬಿಟ್ಟು ಗಾಡಿಯ ಧೂಳು ಒರೆಸತೊಡಗಿದರು. ಶಾರದಾಬಾಯಿ ತೀರ್ಪು ಓದಿದರು. "ಶ್ರಾವಣ ಮುಗಿಯೋದ್ರಾಗ ಇದು ಮನೀಗೆ ಒಂದರೆ ಕೆಲಸಕ್ಕ ಬರಬೇಕು. ಇಲ್ಲಾಂದ್ರ ನಮ್ಮ ತಮ್ಮ ರಘುವೀರ ಗಿರಾಕಿ ನೋಡಿ ಇಟ್ಟಾನ. ಚಿತ್ತಾಪುರದಾಗ ಒಂದು ಧಾಬಾದವ್ರು ಮುಂದ ಚಂದ ಕಾಣ್ಲಿ ಅಂತ ನಿಲ್ಲಿಸಿ, ಹಿಂದ ಹೂವಿನ ಗಿಡ ಹಚ್ತಾರಂತ."

ಹೂವಿನ ಗಿಡ. ನಾಲ್ಕು ಗಾಲಿಯಿಂದ ಭೂಮಿಯನ್ನೇ ಸೀಳಬಲ್ಲ ಗಾಡಿಯ ಮೇಲೆ ಚೆಂಡು ಹೂವಿನ ಗಿಡ. ಮರುದಿನದಿಂದಲೇ ಮಾಸ್ತರರು ಗಾಡಿಗೆ ಕೆಲಸ ಹುಡುಕತೊಡಗಿದರು. ಗಿರಣಿಗೆ ಹಿಟ್ಟಿನ ಡಬ್ಬಿ ಒಯ್ಯಲು ಹೊರಟರೆ ಗಿರಣಿ ನಾಲ್ಕನೇ ಮನೆ; ಗಾಡಿ ಚಾಲೂ ಆಗುವಷ್ಟರಲ್ಲಿ ಶಾರದಾಬಾಯಿ ಬೀಸಿಕೊಂಡು ಬಂದಿದ್ದರು. ಓಣಿಯ ಬಾಗಿಲು ಬಾಗಿಲಿಗೆ ನಿಂತು "ಏನರೆ ಹೇರೋದಿತ್ತೇನ್ರಿ?" ಎಂದು ಕೇಳಿದರು. ಅನಸುಬಾಯಿಯವರು, "ನಿಮ್ಮ ಗಾಡಿನೇ ಯಾವುದರಾಗರೆ ಹೇರಿಕೊಂಡು ಹೋಗ್ರಿ" ಎಂದರು.

ಹೀಗೆ ಶ್ರಾವಣದ ಕೊನೆಯ ಶನಿವಾರ ಹತ್ತಿರ ಬಂತು.

ಕುರಕುಂಟಾದ ಆಚೆ ಎರೆಹೊಲದ ನಡುವೆ ಇವರ ಮನೆದೇವರು ಹನುಮಪ್ಪನ ಗುಡಿ. ಶ್ರಾವಣದ ಕೊನೆಯ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ನೈವೇದ್ಯ, ಆಮೇಲೆ ನೂರು ಮಂದಿಗೆ ಊಟ. ಈ ವರ್ಷದ ಪಾಳಿ ಪ್ರಾಣೇಶ ಮಾಸ್ತರರ ಮನೆಯದು. ಅಡಿಗೆಯನ್ನು ಗುಡಿಯಲ್ಲೇ ಮಾಡುವುದು ರೂಢಿ. ಆದರೆ ಆ ಸಲದ ಮಳೆಗೆ ಗುಡಿಯ ಅಡಿಗೆಮನೆಯ ಗೋಡೆ ಕುಳಿತುಬಿಟ್ಟಿತ್ತು. ಅಂದಮೇಲೆ ಮನೆಯಲ್ಲೇ ಮಡಿಯಲ್ಲಿ ಮಾಡಿ, ಮಡಿಯಲ್ಲೇ ಒಯ್ಯಬೇಕು. ಬಾಡಿಗೆ ಟೆಂಪೋದವರು ಎರೆಮಣ್ಣಿನ ದಾರಿ ಎಂದ ಕೂಡಲೇ ಕೈ ಮುಗಿದರು. ಬಂದಿದ್ದರೂ ಶಾರದಾಬಾಯಿ ಹತ್ತಿಸುತ್ತಿರಲಿಲ್ಲ. ನಿನ್ನೆ ಅದರಲ್ಲಿ ಕೋಳಿ ಹೋಗಿಲ್ಲವೆಂದು ಯಾರು ಹೇಳಬೇಕು?

ಶುಕ್ರವಾರ ಸಂಜೆ ಶಾರದಾಬಾಯಿ ಪಿಕಪ್ಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮಾಸ್ತರರು ಎರಡು ಹೆಜ್ಜೆ ಹಿಂದೆ ಅವರನ್ನು ಹಿಂಬಾಲಿಸಿದರು.

"ಇದರಾಗ ಮೊದಲ ಏನೇನು ಹೇರ್ಯಾರ್ರಿ?"

"ಕಲ್ಲು. ಬರೇ ಕಲ್ಲು."

"ಕಲ್ಲಿಗೆ ಮೈಲಿಗಿ ಇಲ್ಲ," ಎಂದರು ಶಾರದಾಬಾಯಿ.

ಮರುದಿನ ನಸುಕಿನಲ್ಲಿ ಹಿತ್ತಲ ಬಾವಿಯಿಂದ ಇಪ್ಪತ್ತೊಂದು ಕೊಡ ನೀರು ಗಾಡಿಯ ಮೇಲೆ ಬಿತ್ತು. ಸ್ಟೇರಿಂಗಿನ ಹೊದಿಕೆ ಚರ್ಮದ್ದೆಂದು ಕಳಚಿತು. ಸೀಟಿನೊಳಗೆ ಎಂಥೆಂಥ ಹತ್ತಿ ಇದೆಯೋ ಎಂದು ಸೀಟೂ ಹೊರಬಿತ್ತು. ಅದರ ಜಾಗದಲ್ಲಿ ಊಟದ ಮಣೆ ಬಂತು. ಇನ್ನು ಉಳಿದದ್ದು ಡ್ರೈವರು. ಇಪ್ಪತ್ತೆರಡನೆಯ ಕೊಡ ಅವರ ಮೇಲೆ ಬಿತ್ತು. ಒದ್ದೆ ಪಂಚೆ ಕಚ್ಚೆ ಹಾಕಿ, ಬರಿಮೈಗೆ ಗೋಪೀಚಂದನದ ಮುದ್ರೆ ಹಚ್ಚಿ, ಮಣೆಯ ಮೇಲೆ ಕುಳಿತ ಮಾಸ್ತರರು ಇಂಜಿನ್ ಚಾಲೂ ಮಾಡಿದರು. ಪಂಚೆಗೆ ಕಿಸೆ ಇಲ್ಲ, ಮೊಬೈಲಿಗೆ ಮಡಿ ಇಲ್ಲ. ಅದು ಮನೆಯಲ್ಲೇ ಉಳಿಯಿತು. ಹಿಂದೆ ಹೋಳಿಗೆಯ ಬುಟ್ಟಿ, ಕಟ್ಟಿನ ಸಾರಿನ ಕೊಪ್ಪರಿಗೆ, ಚಿತ್ರಾನ್ನದ ಪರಾತಗಳ ನಡುವೆ ಶಾರದಾಬಾಯಿ ಕಟಕಟೆ ಹಿಡಿದು ನಿಂತರು. ಬಸ್ ಸ್ಟ್ಯಾಂಡಿನಲ್ಲಿದ್ದ ಜನ ಯಾವುದೋ ಉತ್ಸವವೆಂದು ಕೈ ಮುಗಿದರು. ಮಾಸ್ತರರು ಹಾರ್ನ್ ಹೊಡೆದು ಆಶೀರ್ವದಿಸಿದರು.

ಡಾಂಬರು ಮುಗಿದು ಎರೆಮಣ್ಣು ಶುರುವಾಯಿತು. ನೂರು ಹೆಜ್ಜೆ ಹೋಗುವುದರೊಳಗೆ ಗಾಡಿ ಕುಸಿಯಿತು.

"ಈಗ ನೋಡು ಮಜಾ," ಎಂದು ಮಾಸ್ತರರು ಫೋರ್ ವೀಲಿನ ಗಿಡ್ಡ ಲಿವರನ್ನು ಗದೆ ಎತ್ತಿದಂತೆ ಎಳೆದರು. ಹಿಂದಿನ ಗಾಲಿಗಳು ರಾಡಿ ಎರಚಿದವು, ಮುಂದಿನವು ಅಲುಗಲಿಲ್ಲ. ಎರಡನೇ ಸಲ ಎಳೆದರು, ಮೂರನೇ ಸಲ ಎಳೆದರು. ಗಾಡಿ ಇನ್ನೂ ಗೇಣುದ್ದ ಇಳಿಯಿತು. ಹೊತ್ತು ಆಗಲೇ ಹನ್ನೊಂದು.

ಹಿಂದಿನಿಂದ ತಣ್ಣಗಿನ ದನಿ ಬಂತು. "ಧಾಬಾದವ್ರಿಗೆ ಯಾವ ಹೂವು ಸೇರ್ತಾವಂತ ರಘುವೀರನ್ನ ಕೇಳ್ಬೇಕು."

ಸ್ವಲ್ಪ ಮುಂದೆ ಕುರಕುಂಟಾದ ದೇವಿಂದ್ರಪ್ಪನ ಮೂರು ಗಾಲಿಯ ಟಂಟಂ ಕೂಡ ಹೂತಿತ್ತು. ಗುಡಿಗೆ ಹೊರಟಿದ್ದ ಎಂಟು ಹೆಣ್ಣುಮಕ್ಕಳು ಸೀರೆ ಎತ್ತಿ ಹಿಡಿದು ಬದುವಿನ ಮೇಲೆ ನಿಂತಿದ್ದರು. ದೇವಿಂದ್ರಪ್ಪ ತೋಳೇರಿಸಿಕೊಂಡು ಬಂದ.

"ಮಾಸ್ತರ್ರ, ದಬ್ಬಲೇನ್ರಿ?"

"ಮುಟ್ಟಬ್ಯಾಡಪ್ಪಾ, ಮಡಿ ಅದ."

"ಯಾರ್ರಿ?"

"ಗಾಡಿ."

ಮಂದಿ ಮಡಿಯಲ್ಲಿರುವುದನ್ನು ದೇವಿಂದ್ರಪ್ಪ ಕೇಳಿದ್ದ. ಗಾಡಿಯನ್ನು ಇದೇ ಮೊದಲ ಸಲ ನೋಡುತ್ತಿದ್ದ.

"ನನ್ನ ಒಡಹುಟ್ಟಿದ ತಮ್ಮ ಬಂದ್ರೂ ಮುಟ್ಟೋಹಂಗಿಲ್ಲಪ್ಪಾ, ತಪ್ಪು ತಿಳೀಬ್ಯಾಡ," ಎಂದರು ಶಾರದಾಬಾಯಿ. "ನಿನ್ನ ಹಂತ್ಯಾಕ ಫೋನ್ ಅದ ಏನು? ಫಕೀರಸಾಬಗ ಹಚ್ಚು. ದೂರ ನಿಂತು ಹಿಡಿ. ದನಿಗೆ ಮೈಲಿಗಿ ಇಲ್ಲ."

ಗಣಿತದ ಮಾಸ್ತರರು ನಂಬರು ಬಾಯಿಂದಲೇ ಹೇಳಿದರು. ದೇವಿಂದ್ರಪ್ಪ ತೋಳು ಚಾಚಿ ಸ್ಪೀಕರ್ ಹಿಡಿದ. ಎರೆಹೊಲದ ನಡುವೆ ಶಹಾಬಾದ ಮಾತಾಡಿತು.

"ಮಾಸ್ತರ್ ಸಾಬ, ಮುಂದಿನ ಗಾಲಿ ನಟ್ಟನಡುವ ದುಂಡಗ ಲಾಕಿನ ಬಿಲ್ಲಿ ಅದ ಅಲ್ರಿ, ಅದನ್ನ ಕೈಲೆ ತಿರುವಿದ್ರಿ ಏನು?"

ಮಾಸ್ತರರು ಆಕಾಶ ನೋಡಿದರು.

"ನಾ ಮೂರು ಸಲ ಹೇಳೀನ್ರಿ. ಅದನ್ನ ತಿರುವದೆ ಲಿವರ್ ಕಿತ್ತು ಕೈಗೆ ಬರೋಮಟ ಎಳದ್ರೂ ಮುಂದಿನ ಗಾಲಿ ಆರಾಮ ಕುಂದರ್ತಾವ."

"ನೀ ಹೇಳೋ ಮುಂದ ಇವರು ಸ್ಟೇರಿಂಗ್ ಸವರಲಿಕತ್ತಿದ್ರು," ಎಂದು ಶಾರದಾಬಾಯಿ ಫೋನಿನ ಕಡೆಗೆ ಸಾಕ್ಷಿ ನುಡಿದರು.

ಈಗ ಮೊಣಕಾಲುದ್ದ ರಾಡಿಯಲ್ಲಿ ಇಳಿಯಬೇಕು. ಮಾಸ್ತರರು ಒಂದು ಕಾಲು ಹೊರಗಿಟ್ಟು ಅನುಮಾನಿಸಿದರು. "ರಾಡಿ ಹತ್ತಿದ್ರ ಮಡಿ ಹೋಗ್ತದೇನು?"

"ಹೊಲದ ಮಣ್ಣು ಅದು. ಮೃತ್ತಿಕಾ ಸ್ನಾನ ಅಂತ ತಿಳಕೊಂಡು ಇಳೀರಿ."

ಇಳಿದರು. ಬಲಗಡೆಯ ಬಿಲ್ಲೆ ತಿರುವಿದರು, ಎಡಗಡೆಯದನ್ನು ತಿರುವುವಾಗ ಜಾರಿ ಎದೆಯ ಮುದ್ರೆಗಳನ್ನೆಲ್ಲ ರಾಡಿಗೆ ಒಪ್ಪಿಸಿದರು. ಮತ್ತೆ ಮಣೆಯೇರಿ ಲಿವರ್ ಎಳೆದಾಗ ಮುಂದಿನ ಗಾಲಿಗಳು ಮಣ್ಣನ್ನು ಕಚ್ಚಿದವು. ಅರವತ್ತೆಂಟರ ಇಂಜಿನ್ನು ಗುಟುರು ಹಾಕಿತು. ಗಾಡಿ ಮೆಲ್ಲಗೆ, ಸೊಂಡಿಲೆತ್ತಿದ ಆನೆಯಂತೆ, ಮೇಲೆದ್ದು ಬಂತು. ಬದುವಿನ ಮೇಲಿದ್ದ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ರಾಡಿಯ ತಲೆಗೆ ಕಟ್ಟಿದರು.

"ನನ್ನ ಟಂಟಂನೂ ಎಳೀರಲ್ಲ ಹಂಗೇ," ಎಂದ ದೇವಿಂದ್ರಪ್ಪ, ಹಗ್ಗ ಹಿಡಿದು.

ಎಲ್ಲರೂ ಶಾರದಾಬಾಯಿಯನ್ನು ನೋಡಿದರು.

"ಹಗ್ಗ ಯಾತರದು?"

"ನೈಲಾನ್‌ರೀ ಅವ್ವಾರ."

ಅವರು ಕಟಕಟೆಯಿಂದ ಬಗ್ಗಿ ಹಗ್ಗ ನೋಡಿದರು. "ಶಾಸ್ತ್ರದಾಗ ನೈಲಾನ್ ಬಂದಿಲ್ಲ. ಇವರ ಮುಂದ ಇಡು, ಇವರೇ ಕಟ್ಕೋತಾರ."

ಹನ್ನೆರಡಕ್ಕೆ ಐದು ನಿಮಿಷ ಇರುವಾಗ, ಹೋಳಿಗೆ ಒಂದೂ ಮುರಿಯದೆ, ಸಾರು ಒಂದು ಹನಿಯೂ ಚೆಲ್ಲದೆ, ಹಿಂದೊಂದು ಟಂಟಂ ಜಗ್ಗಿಕೊಂಡು ಗಿಳಿಹಸಿರು ಪಿಕಪ್ಪು ಗುಡಿಯ ಮುಂದೆ ಬಂದು ನಿಂತಿತು. ನೈವೇದ್ಯವಾಯಿತು. ನೂರು ಎಂದುಕೊಂಡಿದ್ದ ಮಂದಿ ನೂರಿಪ್ಪತ್ತಾಗಿ, ಎಲ್ಲರೂ ಉಂಡರು. ಮಾಸ್ತರರು ಗಾಡಿಗೆ ಒರಗಿ ನಿಂತು, ಬಂದವರಿಗೆಲ್ಲ ಬಿಲ್ಲೆ ತಿರುವುವ ವಿದ್ಯೆಯನ್ನು ತಾವೇ ಕಂಡುಹಿಡಿದವರಂತೆ ವಿವರಿಸಿದರು.

"ಇನ್ನ ಈ ಗಾಡಿ ಮಾರೂದಿಲ್ಲ," ಎಂದು ಶಾರದಾಬಾಯಿ ಪಂಕ್ತಿಯ ಮುಂದೆ ನಿಂತು ಹೇಳಿದರು. "ಇಂಥಾ ಮಡಿ ಗಾಡಿ ಇಡೀ ಜಿಲ್ಲಾದಾಗ ಇನ್ನೊಂದಿಲ್ಲ."

ಮಾಸ್ತರರ ಎದೆ ಆ ಒದ್ದೆ ಪಂಚೆಯ ಮೇಲೆ ಉಬ್ಬಿತು. ಆ ಮಾತಿನ ಎರಡನೇ ಅರ್ಧದಲ್ಲಿ ಏನಿತ್ತೆಂಬುದು ಅವರ ಗಮನಕ್ಕೆ ಬರಲಿಲ್ಲ.

ಬಂದದ್ದು ಮರುದಿನ. ಭಾನುವಾರ ಬೆಳಿಗ್ಗೆ ಪ್ಯಾಂಟು, ಬೂಟು, ಕರಿ ಕನ್ನಡಕ ಹಾಕಿ, ಚರ್ಮದ ಹೊದಿಕೆ ಕಂಕುಳಲ್ಲಿ ಹಿಡಿದು ಅವರು ಹೊರಬಂದರು.

"ಎಲ್ಲಿಗ್ರಿ?"

"ಚಿಂಚೋಳಿ ಅಡವಿಗೆ. ಬಾ, ನೀನೂ ನಡಿ."

"ಬೂಟ್ ಹಾಕ್ಕೊಂಡು ಮುಟ್ಟಬ್ಯಾಡ್ರಿ, ಮಡಿಲೆ ಅದ ಅದು. ಗುರುವಾರ ಕಾಳಗಿಯವ್ರು ಅಡಿಗಿ ಒಯ್ಲಿಕ್ಕ ಕೇಳ್ಯಾರ, ಬರೋ ಏಕಾದಶಿ ಮರುದಿನ ಚಿತ್ತಾಪುರದವ್ರು. ಕಾರ್ತೀಕಮಟ ನಾ ಎಲ್ಲಾರ್ಗೂ ಹೂಂ ಅಂದೀನಿ. ಮುಟ್ಟಿದ್ರ ಮತ್ತ ಇಪ್ಪತ್ತೊಂದು ಕೊಡ ನೀವೇ ಸೇದಬೇಕಾಗ್ತದ."

"ಹಂಗಾದ್ರ ನನ್ನ ಗಾಡಿ ನಾ ಹೊಡೀಬೇಕಂದ್ರ?"

"ನಾ ಬ್ಯಾಡ ಅಂದೀನೇನು? ಬಾವಿ ಅಲ್ಲೇ ಅದ."

ಈಗಲೂ ಭಾನುವಾರ ಬೆಳಗಿನ ಜಾವ ಸೇಡಂನಿಂದ ಚಿಂಚೋಳಿಯ ದಾರಿಯಲ್ಲಿ ನಿಂತರೆ ಕಾಣಬಹುದು. ಗಿಳಿಹಸಿರು ಗಾಡಿ ಮೂವತ್ತರ ವೇಗದಲ್ಲಿ ಬರುತ್ತದೆ. ಮಣೆಯ ಮೇಲೆ ಒದ್ದೆ ಪಂಚೆಯ ಮಾಸ್ತರರು, ಹಲ್ಲು ಕಟಕಟ, ಮುಖದಲ್ಲಿ ಸಾಮ್ರಾಟನ ನಗೆ. ಚಿಂಚೋಳಿಯ ಚಹಾದ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕುದಿಯುವ ಚಹಾವನ್ನು ಕಣ್ತುಂಬ ನೋಡಿ (ಮಡಿಯಲ್ಲಿ ಹೊರಗಿನ ಚಹಾ ಕುಡಿಯುವಂತಿಲ್ಲ), ಹಾರ್ನ್ ಹೊಡೆದು ಅಡವಿಯ ಕಡೆ ತಿರುಗುತ್ತಾರೆ.

ಮೊನ್ನೆ ಫಕೀರಸಾಬ ಫೋನ್ ಮಾಡಿದ್ದ. "ಹ್ಯಾಂಗ ನಡದದ್ರಿ ಗಾಡಿ? ಏನರೆ ತಕಲೀಫು?"

"ಗಾಡಿ ಭೇಷ್ ಅದ ಫಕೀರಸಾಬ," ಎಂದು ಮಾಸ್ತರರು ಮೂರು ಸಲ ಸೀನಿದರು. "ರಿಪೇರಿಗೆ ಬಂದದ್ದು ಡ್ರೈವರ್ ಒಬ್ಬನೇ."