ಸಾಹೇಬರು ತಮ್ಮನ್ನೇ ವರ್ಗ ಮಾಡಿಕೊಂಡದ್ದು

"ಆರು ಗಂಟೆ! ನಾನಿರೋ ಮನೇಲಿ ಆರು ಗಂಟೆ! ನಿಲ್ಲಿಸು ಅದನ್ನ. ಅರ್ಧ ಗಂಟೇಲಿ ಮುಗಿಸಿ ಕೊಡ್ತೀನಿ!"

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಇನ್ನೊಂದು ಕೈಯನ್ನು ಸೊಂಟದ ಮೇಲಿಟ್ಟು ಸಾಹೇಬರು ಮಾಡಿದ ಘೋಷಣೆ ಇದು. ಸಾಹೇಬರು ಅಂದರೆ ಅಂಥ ದೊಡ್ಡ ಸಾಹೇಬರೇನಲ್ಲ. ನೀರು ಸರಬರಾಜು ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಸೂಪರಿಂಟೆಂಡೆಂಟು. ಯಾರನ್ನು ಎಲ್ಲಿಂದ ಎತ್ತಿ ಎಲ್ಲಿಗೆ ಹಾಕಬೇಕೆಂಬ ವರ್ಗಾವಣೆ ಆದೇಶಗಳನ್ನು ಇಪ್ಪತ್ತೆರಡು ವರ್ಷಗಳಿಂದ ಬರೆದುಕೊಂಡು ಬಂದವರು. ಮನೆಯಲ್ಲಿ ಹೆಂಡತಿ ತಮಾಷೆಗೆ 'ಸಾಹೇಬರು' ಅಂತ ಹೆಸರಿಟ್ಟಿದ್ದಳು. ಅದು ತಮಾಷೆ ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ.

ಹೆಂಡತಿ ಒಳಾಂಗಣ ವಿನ್ಯಾಸಕಿ. ದೊಡ್ಡ ಸಂಸ್ಥೆಯೊಂದರಲ್ಲಿ ಹತ್ತು ವರ್ಷ ಇನ್ನೊಬ್ಬರ ಹೆಸರಿಗೆ ಗೋಡೆ ಬಳಿಸಿ, ಕುರ್ಚಿ ಜೋಡಿಸಿ, ಸಾಕಾಗಿ, ಮೂರು ತಿಂಗಳ ಹಿಂದೆ ಕೆಲಸ ಬಿಟ್ಟಿದ್ದಳು. ಸ್ವಂತ ಹೆಸರಿನಲ್ಲಿ ಸಿಕ್ಕ ಮೊದಲ ಗಿರಾಕಿ ಒಬ್ಬ ಹಲ್ಲಿನ ಡಾಕ್ಟರಮ್ಮ. ಅವರ ಹೊಸ ಚಿಕಿತ್ಸಾಲಯದ ಕಾಯುವ ಕೋಣೆಯನ್ನು ಇವಳು ಎಷ್ಟು ಜಾಣತನದಿಂದ ರೂಪಿಸಿದ್ದಳೆಂದರೆ, ಅಳುತ್ತ ಬಂದ ಮಗುವಿಗೆ ಬಾಗಿಲಿನಿಂದ ಒಳಗಿನವರೆಗೂ ಆ ಭಯಂಕರ ಕುರ್ಚಿ ಕಣ್ಣಿಗೇ ಬೀಳಬಾರದು! ಆ ದಾರಿಯಲ್ಲಿ ನಡೆದುಹೋದಂತೆ ತೋರಿಸುವ ಅರ್ಧ ನಿಮಿಷದ ಚಲನಚಿತ್ರವನ್ನು ಅವಳ ಕಂಪ್ಯೂಟರು ತಯಾರಿಸುತ್ತಿತ್ತು. ಆರು ನೂರು ಚಿತ್ರ, ಒಂದೊಂದರಲ್ಲೂ ಬೆಳಕು, ನೆರಳು, ಗಾಜಿನ ಹೊಳಪು ಎಲ್ಲದರ ಲೆಕ್ಕ. ಮುಗಿಯುವುದು ಸಂಜೆ ನಾಲ್ಕಕ್ಕೆ, ಡಾಕ್ಟರಮ್ಮ ಬರುವುದು ನಾಲ್ಕೂವರೆಗೆ.

"ಬೇಡ ರೀ. ಎಲ್ಲಾ ಲೆಕ್ಕ ಹಾಕೇ ಶುರು ಮಾಡಿದ್ದೀನಿ. ಇವತ್ತು ತೋರಿಸ್ಲಿಲ್ಲ ಅಂದ್ರೆ ಸೋಮವಾರ ಬೇರೆಯೋರನ್ನ ನೋಡ್ಕೋತೀನಿ ಅಂದಿದ್ದಾರೆ ಅವ್ರು."

"ಅದಕ್ಕೇ ಹೇಳಿದ್ದು! ಇಷ್ಟು ದೊಡ್ಡ ಕೆಲಸಾನ ಪಾಪ, ಆ ಒಂದು ಪ್ರೊಸೆಸರ್ ತಲೆ ಮೇಲೆ ಹೊರಿಸಿದ್ದೀಯ. ಪಕ್ಕದಲ್ಲೇ ಗ್ರಾಫಿಕ್ಸ್ ಕಾರ್ಡು ಸುಮ್ನೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿದೆ. ಅದರೊಳಗೆ ಸಾವಿರಾರು ಜನ ಕೆಲಸಗಾರರಿದ್ದಾರೆ ಕಣೇ! ಅವರನ್ನೆಲ್ಲ ದುಡಿಸೋ ಮುಕ್ತ ತಂತ್ರಾಂಶ ಇದೆ. ಈ ಯಂತ್ರ ನಡೆಸೋ ಲಿನಕ್ಸ್‌ನಲ್ಲಿ ಹಾಕ್ಕೊಳ್ಳೋದಷ್ಟೇ. ಬಿಟ್ಟಿ!"

"ನಿಮಗೆ ಹಾಕೋಕೆ ಬರತ್ತಾ?"

"ನಾನ್ನೂರು ಜನರ ಸಿಬ್ಬಂದಿ ನಿಭಾಯಿಸೋನಿಗೆ ಒಂದು ಕಾರ್ಡು ನಿಭಾಯಿಸೋಕಾಗಲ್ವಾ?"

ಈ ಪ್ರಶ್ನೆಗೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಗಂಡ ಅಷ್ಟು ಉಮೇದಿನಿಂದ ತನ್ನ ಕೆಲಸಕ್ಕೆ ಹೆಗಲು ಕೊಡಲು ಬಂದಿರುವಾಗ ಮುಖ ಮುರಿಯಲು ಮನಸ್ಸಾಗಲಿಲ್ಲ. ನಿಲ್ಲಿಸುವ ಗುಂಡಿ ಒತ್ತಿದಳು. ಆಗ ಒಂಬತ್ತು ಚಿತ್ರ ಮುಗಿದಿದ್ದವು.

ಅಲ್ಲಿಂದ ಸಾಹೇಬರ ದಿಗ್ವಿಜಯ ಆರಂಭವಾಯಿತು. ತಂತ್ರಾಂಶದ ಮಾರ್ಗದರ್ಶಿ ಪುಟ ಮೊಳದುದ್ದ ಇತ್ತು. 'ಪ್ರಾರಂಭಿಸುವ ಮುನ್ನ ಓದಿ' ಎಂಬ ಭಾಗವನ್ನು ಅವರು, ಕಚೇರಿಯಲ್ಲಿ ಸುತ್ತೋಲೆಯ ಪೀಠಿಕೆಯನ್ನು ಹಾರಿಸುವ ಹಾಗೆಯೇ, ಹಾರಿಸಿದರು. ಇಳಿಸಿಕೊಳ್ಳಬೇಕಾದ ಕಡತಗಳು ಒಂದರ ಹಿಂದೊಂದು ಬರತೊಡಗಿದವು. ಅರ್ಧ ಗಂಟೆಯೆಂಬ ಗಡುವು ಅವು ಇಳಿಯುವುದರಲ್ಲೇ ಮುಗಿದು, ಇನ್ನೊಂದು ಅರ್ಧ ಗಂಟೆಯೂ ಮುಗಿಯಿತು. ಹನ್ನೊಂದೂವರೆಗೆ ಯಂತ್ರವನ್ನು ಆರಿಸಿ ಹೊತ್ತಿಸಬೇಕಾಗಿ ಬಂತು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

"ರೀ! ನನ್ನ ಕೋಣೆ!"

"ಹೆದರಬೇಡ. ಯೋಚನೆ ಮಾಡ್ತಾ ಇದೆ."

ಯೋಚನೆ ಮಾಡುತ್ತಿದ್ದದ್ದು ಪರದೆಯಲ್ಲ, ಸಾಹೇಬರು. ಪುಣ್ಯಕ್ಕೆ ನಾಲ್ಕು ನಿಮಿಷದ ಮೇಲೆ ಪರದೆ ತಾನೇ ಕಣ್ಣು ಬಿಟ್ಟಿತು. ಸಾಹೇಬರು ಎಲ್ಲ ತಮ್ಮ ಪೂರ್ವನಿಯೋಜಿತ ಕಾರ್ಯಕ್ರಮದಂತೆಯೇ ನಡೆದಿದೆ ಎಂಬ ಮುಖ ಮಾಡಿಕೊಂಡು, ಕಾರ್ಡು ಕೆಲಸಕ್ಕೆ ಸಿದ್ಧವಿದೆಯೇ ಎಂದು ಪರೀಕ್ಷಿಸುವ ಆಜ್ಞೆ ಕೊಟ್ಟರು. 'ಕಾರ್ಡನ್ನು ಮುಟ್ಟಲು ನಿಮಗೆ ಅನುಮತಿ ಇಲ್ಲ' ಎಂದಿತು ಯಂತ್ರ. ಪುಟದಲ್ಲಿ ಇದಕ್ಕೂ ಪರಿಹಾರವಿತ್ತು. ಕಾರ್ಡನ್ನು ಬಳಸುವವರು 'ವಿಡಿಯೋ' ಮತ್ತು 'ರೆಂಡರ್' ಎಂಬ ಎರಡು ಗುಂಪುಗಳ ಸದಸ್ಯರಾಗಿರಬೇಕು. ಈಗಿರುವ ಗುಂಪುಗಳಲ್ಲಿ ಮುಂದುವರಿಯುತ್ತಲೇ ಈ ಎರಡಕ್ಕೂ ಸೇರಿಸುವ ಒಂದು ಸಾಲಿನ ಆಜ್ಞೆಯನ್ನೂ ಬರೆದಿದ್ದರು. ಅದನ್ನು ಹಾಗೇ ಎತ್ತಿ ಹಾಕಿದ್ದರೆ ನನಗೆ ಈ ಕತೆ ಹೇಳುವ ಕೆಲಸ ಇರುತ್ತಿರಲಿಲ್ಲ!

ಆದರೆ ಓದಿದವರು ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟು. ಅವರ ಹುಬ್ಬು ಮೇಲೇರಿತು.

"ಥೂ, ಇದೆಂಥ ಆಡಳಿತ! ಹಳೇ ವಿಭಾಗದಲ್ಲೂ ಇರಬೇಕಂತೆ, ಹೊಸದಕ್ಕೂ ಸೇರಬೇಕಂತೆ. ಒಬ್ಬನೇ ಮನುಷ್ಯ ಎಷ್ಟು ಕಡೆ ಹಾಜರಿ ಹಾಕ್ತಾನೆ? ಹೊಸ ಜಾಗಕ್ಕೆ ಹೋಗೋನನ್ನ ಹಳೇ ಜಾಗದಿಂದ ಬಿಡುಗಡೆ ಮಾಡೋದು ಬೇಡ್ವಾ?"

"ಅವ್ರು ಬರೆದ ಹಾಗೇ ಹಾಕ್ರೀ."

"ಬರೆದೋರು ಯಾರೋ ಹುಡುಗರು. ಸೇವಾ ನಿಯಮ ಅವರಿಗೇನು ಗೊತ್ತು?"

ಹೀಗೆಂದು ಸಾಹೇಬರು ಆಜ್ಞೆಯನ್ನು ತಿದ್ದಿದರು. ಇಪ್ಪತ್ತೆರಡು ವರ್ಷಗಳ ಅನುಭವವನ್ನೆಲ್ಲ ಬೆರಳಿಗೆ ತಂದುಕೊಂಡು, ತಮ್ಮನ್ನು ಹಳೆಯ ಗುಂಪುಗಳೆಲ್ಲದರಿಂದ ಬಿಡುಗಡೆ ಮಾಡಿ ಈ ಎರಡಕ್ಕೆ ಮಾತ್ರ ಸೇರಿಸುವಂತೆ ಬದಲಿಸಿ, ಎಂಟರ್ ಒತ್ತಿದರು. ಯಂತ್ರ ಮರುಮಾತಾಡಲಿಲ್ಲ. ತಮ್ಮ ಖಾತೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದು ನೋಡಿದರೆ, ಆಹಾ! ಕಾರ್ಡು ಎದ್ದು ಕೂತಿತ್ತು. ಹೆಸರು, ಊರು, ಕುಲಗೋತ್ರ ಎಲ್ಲ ಸಾಲುಸಾಲಾಗಿ ಪರದೆಯ ಮೇಲೆ ಒಪ್ಪಿಸಿತು.

"ನೋಡಿದ್ಯಾ? ಒಂದೇ ಆದೇಶ!"

ಹೆಂಡತಿಗೂ ನಗು ಬಂತು. ಇನ್ನು ಉಳಿದದ್ದು ಅವಳ ಚಿತ್ರದ ತಂತ್ರಾಂಶಕ್ಕೆ ಬೇಕಾದ ಒಂದೇ ಒಂದು ಚಿಕ್ಕ ಕಡತ. ಸಾಹೇಬರು ಗುಪ್ತಪದ ಕೊಟ್ಟು, ಬೆನ್ನು ಹಿಂದಕ್ಕೆ ಒರಗಿಸಿ ಕೂತರು. ಪರದೆಯ ಮೇಲೆ ಮೂಡಿದ ಮಾತಿನ ಸಾರಾಂಶ ಇದು: 'ನೀವು ಅಧಿಕಾರಿಗಳ ಪಟ್ಟಿಯಲ್ಲಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.'

ಸಾಹೇಬರು ನೆಟ್ಟಗೆ ಕೂತರು. ಇಡೀ ಸೇವಾವಧಿಯಲ್ಲಿ ಅವರ ಮೇಲೆ ಒಂದು ವರದಿ ಹೋದದ್ದಿಲ್ಲ! ಗುಪ್ತಪದ ತಪ್ಪಿರಬಹುದೆಂದು ಮತ್ತೆ ಒತ್ತಿದರು. ಮತ್ತೆ ವರದಿ. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದರು. ಮೂರನೆಯ ವರದಿ.

"ಯಾರಿಗ್ರೀ ವರದಿ ಹೋಗೋದು?" ಹೆಂಡತಿ ಕೇಳಿದಳು.

"ಗೊತ್ತಿಲ್ಲ. ಮೇಲಿನೋರಿಗೆ ಇರಬೇಕು."

"ನಿಮ್ಮನ್ನ ಹಳೇ ಗುಂಪಿಂದ ಬಿಡುಗಡೆ ಮಾಡಿದ್ರಲ್ಲ, ಅದರಲ್ಲಿ ಅಧಿಕಾರ ಇರೋ ಗುಂಪೂ ಇತ್ತಾ?"

ಸಾಹೇಬರು ಟೀ ಲೋಟ ಎತ್ತಿ, ಅದು ಖಾಲಿಯೆಂದು ನೋಡಿ, ಕೆಳಗಿಟ್ಟರು.

"ಇತ್ತು ಅನ್ನಿ. ಹಾಗಾದ್ರೆ ವಾಪಸ್ ಹಾಕ್ಕೊಳ್ಳಿ."

"ವಾಪಸ್ ಹಾಕ್ಕೊಳ್ಳೋದಕ್ಕೂ... ಅಧಿಕಾರ ಬೇಕು."

ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಈಗ ಹಳೆಯ ವಿಧಾನಕ್ಕೆ ಮರಳಿದರೆ ಚಿತ್ರ ಮುಗಿಯುವುದು ಏಳು ದಾಟಿದ ಮೇಲೆ. ಹೆಂಡತಿ ಜಗಳವಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಅರ್ಧಕ್ಕೆ ನಿಂತ ಕಾಯುವ ಕೋಣೆಯನ್ನೇ ನೋಡುತ್ತ, "ಹತ್ತು ವರ್ಷ ಆದ್ಮೇಲೆ ನನ್ನ ಹೆಸರಿಗೆ ಬಂದ ಕೆಲಸ ರೀ ಇದು" ಎಂದಳಷ್ಟೇ. ಅವಳು ಕೂಗಾಡಿದ್ದರೆ ಸಾಹೇಬರು ತಡೆದುಕೊಳ್ಳುತ್ತಿದ್ದರು. ಈ ಮೆಲ್ಲನೆಯ ಮಾತಿಗೆ ತಾನೆಂಥ ಮೂರ್ಖ ಎಂದು ಮೊದಲ ಸಲ ಮನಸ್ಸಿನಲ್ಲೇ ಒಪ್ಪಿಕೊಂಡರು.

ಇದ್ದಕ್ಕಿದ್ದಂತೆ ಅವಳು ತಲೆಯೆತ್ತಿದಳು. "ಅಮ್ಮ!"

"ಅಮ್ಮನ್ನ ಯಾಕೆ ಕರೀತೀಯ? ಇನ್ನೂ ಹತ್ತು ಮಾತು ಅವರಿಂದಲೂ ಕೇಳಬೇಕಾ?"

"ಅಲ್ಲ ರೀ! ನನ್ನ ತಮ್ಮ ಈ ಯಂತ್ರ ಜೋಡಿಸಿದ ದಿನ ಮೊದಲು ಅಮ್ಮನ ಹೆಸರಲ್ಲೇ ಖಾತೆ ತೆರೆದದ್ದು, ಇಸ್ಪೀಟು ಆಡ್ಲಿ ಅಂತ. ನಿಮ್ಮ ಖಾತೆ ಆಮೇಲಿಂದು, ನನ್ನದಕ್ಕೆ ಅಧಿಕಾರವೇ ಇಲ್ಲ. ಮೊದಲನೇ ಖಾತೆಗೆ ಪೂರ್ತಿ ಅಧಿಕಾರ ಇರತ್ತೆ!"

ಮಗಳ ಮನೆಯಲ್ಲೇ ಇದ್ದ ಅತ್ತೆ ಪಕ್ಕದ ಕೋಣೆಯಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಉಲ್ಲನ್ ಹೆಣೆಯುತ್ತಿದ್ದರು. ನಾನ್ನೂರು ಜನರನ್ನು ಬಾಗಿಲ ಹೊರಗೆ ನಿಲ್ಲಿಸಿದ ಸಾಹೇಬರು ಆ ಬಾಗಿಲಲ್ಲಿ ಕೈಕಟ್ಟಿ ನಿಂತರು.

"ಅತ್ತೆ, ಒಂದು ಸಣ್ಣ ಸಹಾಯ ಆಗಬೇಕಿತ್ತು. ನಿಮ್ಮ ಖಾತೆಯಿಂದ..."

"ಯಾಕೆ, ನಿಮ್ಮದಕ್ಕೇನಾಯ್ತು ಅಳಿಯಂದ್ರೇ?"

"ನನ್ನ ಅಧಿಕಾರ ಹೋಯ್ತು."

"ಯಾರು ತೆಗೆದ್ರು?"

"ನಾನೇ."

ಅತ್ತೆ ಸೂಜಿ ಕೆಳಗಿಟ್ಟರು. ಈ ಮಾತನ್ನು ಅಳಿಯನ ಬಾಯಿಂದ ಇನ್ನೊಮ್ಮೆ ಕೇಳಿದರು, ಕಿವಿ ಕೇಳಿಸದಿದ್ದಕ್ಕಲ್ಲ. ಆಮೇಲೆ ಎದ್ದು ಬಂದು, ಕುರ್ಚಿ ಎಳೆದುಕೊಂಡು, ಇಬ್ಬರಿಗೂ ಗೋಡೆ ಕಡೆ ತಿರುಗಲು ಹೇಳಿ, ಒಂದೇ ಬೆರಳಿನಲ್ಲಿ ಗುಪ್ತಪದ ಒತ್ತಿದರು. ಅದಕ್ಕೆ ಮೂರು ನಿಮಿಷ ಹಿಡಿಯಿತು. ಯಂತ್ರ ಎದ್ದು ನಮಸ್ಕರಿಸಿದ ಹಾಗೆ ಬಾಗಿಲು ತೆರೆಯಿತು.

"ಅಷ್ಟೊತ್ತು ವರದಿ ವರದಿ ಅಂತಿದ್ರಲ್ಲ, ಅದು ನನಗೇ ಬರತ್ತೇನೋ?" ಎಂದರು ಅತ್ತೆ.

"ಈಗ ಬೇಡಮ್ಮ, ಆಮೇಲೆ ಓದ್ಕೋ. ನಾನು ಹೇಳಿದ್ದನ್ನ ಒತ್ತು" ಎಂದಳು ಮಗಳು. ಮಗಳು ಮಾರ್ಗದರ್ಶಿಯನ್ನು ಮೊದಲನೆಯ ಸಾಲಿನಿಂದ ಓದಿದಳು, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ತಾಯಿ ಒತ್ತುತ್ತ ಹೋದರು. ಸಾಹೇಬರನ್ನು ಅಡುಗೆಮನೆಗೆ ಟೀ ಮಾಡಲು ಕಳಿಸಲಾಯಿತು. ಅವರು ಲೋಟಗಳೊಂದಿಗೆ ಮರಳುವಷ್ಟರಲ್ಲಿ ಯಂತ್ರದ ಪಂಖ ಹುರುಪಿನಿಂದ ತಿರುಗುತ್ತಿತ್ತು. ಮುನ್ನೂರು ಚಿತ್ರ, ನಾನ್ನೂರು, ಐನೂರು! ಆರು ಗಂಟೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು.

ನಾಲ್ಕೂವರೆಗೆ ಡಾಕ್ಟರಮ್ಮ ಬಂದರು. ಚಿತ್ರವನ್ನು ಎರಡು ಸಲ ನೋಡಿದರು. "ಮೀನಿನ ತೊಟ್ಟಿ ಆ ಕಡೆ ಗೋಡೆಗೆ ಹೋದ್ರೆ ಹೇಗೆ ಕಾಣತ್ತೆ?" ಎಂದರು. ಬೆಳಗಿನ ಲೆಕ್ಕದಲ್ಲಿ ಇದಕ್ಕೆ ಉತ್ತರ 'ನಾಳೆ ತೋರಿಸ್ತೀನಿ' ಎಂದಾಗುತ್ತಿತ್ತು. "ಒಂದು ನಿಮಿಷ ಕೂತ್ಕೊಳ್ಳಿ" ಎಂದ ವಿನ್ಯಾಸಕಿ, ತೊಟ್ಟಿಯನ್ನು ಸರಿಸಿ, ಅದು ಕಾಣುವ ನೂರು ಚಿತ್ರಗಳನ್ನಷ್ಟೇ ಮತ್ತೆ ಮಾಡಿಸಿ, ಅವರು ಟೀ ಮುಗಿಸುವಷ್ಟರಲ್ಲಿ ಮುಂದಿಟ್ಟಳು. ಡಾಕ್ಟರಮ್ಮ ಅಲ್ಲೇ ಒಪ್ಪಿ, ಕೈಕುಲುಕಿ ಹೋದರು. ಹೆಂಡತಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು.

ಬಾಗಿಲು ಮುಚ್ಚಿದ್ದೇ ತಡ, ಸಾಹೇಬರ ಎದೆ ಮತ್ತೆ ಉಬ್ಬಿತು.

"ಕಾರ್ಡು ದುಡಿಸಬೇಕು ಅಂತ ಹೇಳಿದ್ದು ಯಾರು? ನಾನು! ಆಯ್ತು, ಇನ್ನು ನನ್ನ ಅಧಿಕಾರ ನನಗೆ ವಾಪಸ್ ಕೊಡಿಸಿಬಿಡಿ ಅತ್ತೆ. ಇನ್ನೂ ಒಂದೆರಡು ಸುಧಾರಣೆ ಮಾಡೋದಿದೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾರ್ಡು ಬಳಸೋಕೆ ನಿಮಗೆ ಅನುಮತಿ ಇದೆ. ಅಧಿಕಾರ ಮಾತ್ರ ಇಲ್ಲ" ಎಂದರು ಅತ್ತೆ, ಯಂತ್ರದ ಮುಂದೆ ಕೂತು ಇಸ್ಪೀಟು ಹರಡುತ್ತ.

"ಅದು ಹೇಗೆ? ಇದು ಅನ್ಯಾಯ! ಕಾರಣ ಹೇಳದೆ ಒಬ್ಬ ಮನುಷ್ಯನನ್ನ ಹೀಗೆ ಎತ್ತಿ ಹಾಕೋಕಾಗತ್ತಾ?"

"ನಿಮ್ಮ ಮಾವನೋರನ್ನ ಒಂಬತ್ತು ಸಲ ಎತ್ತಿ ಹಾಕಿದ್ರು ಅಳಿಯಂದ್ರೇ. ಒಂಬತ್ತು ಸಲ ಪಾತ್ರೆ ಪಗಡಿ ಕಟ್ಟಿದ್ದೀನಿ. ಒಂಬತ್ತು ಸಲಾನೂ ಆದೇಶದಲ್ಲಿ ಒಂದೇ ಕಾರಣ ಬರೆದಿರೋರು."

"ಏನಂತ?"

ಅತ್ತೆ ರಾಜನ ಮೇಲೆ ರಾಣಿಯನ್ನು ಇಟ್ಟು, ತಲೆಯೆತ್ತದೆ ಹೇಳಿದರು:

"ಸಾರ್ವಜನಿಕ ಹಿತದೃಷ್ಟಿಯಿಂದ."

ಆ ಎರಡು ಪದಗಳನ್ನು ಸಾಹೇಬರು ಇಪ್ಪತ್ತೆರಡು ವರ್ಷ ತಮ್ಮ ಕೈಯಾರೆ ಎಷ್ಟು ಆದೇಶಗಳಲ್ಲಿ ಬರೆದಿದ್ದರೋ ಲೆಕ್ಕವಿಲ್ಲ. ಖಾಲಿ ಲೋಟಗಳನ್ನು ಎತ್ತಿಕೊಂಡು, ಹೊಸ ಜಾಗದಲ್ಲಿ ಹಾಜರಾಗಲು ಅಡುಗೆಮನೆಯ ಕಡೆ ನಡೆದರು.